ಕಾನ್ಹೇರಿಯ ಬುದ್ಧ, ಕ್ರೈಸ್ತರ ಜೋಸಾಫತ್

ಕೋಪರಖೈರಣೆಯಿಂದ ಖಾಡಿ ದಾಟಿದರೆ ಬೋರಿವಲಿಯ ಕಾಡಿನಲ್ಲಿ ಕಾನ್ಹೇರಿಯ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಒಂದು ಧರ್ಮದ ಪುಣ್ಯಕಥೆ ಇನ್ನೊಂದಕ್ಕೆ ಸಾಗಿತೇ ಎಂಬ ಚರ್ಚೆಯನ್ನು ಒರೆಗೆ ಹಚ್ಚಲು ನಮಗೆ ಇಷ್ಟು ಹತ್ತಿರದಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಗೋವೆಯ ಪೋರ್ಚುಗೀಸ್ ಇತಿಹಾಸಕಾರ ದಿಯೋಗು ದೊ ಕೋತು ಈ ಗುಹೆಗಳ ಬಗ್ಗೆ ತಾನು ಕೇಳಿದ ಕಥೆಯನ್ನು 1612ರಲ್ಲಿ ಅಚ್ಚಾದ ಗ್ರಂಥದಲ್ಲಿ ದಾಖಲಿಸಿದ್ದಾನೆ. ಮಗ ಸನ್ಯಾಸಿಯಾಗುತ್ತಾನೆಂಬ ಭವಿಷ್ಯಕ್ಕೆ ಹೆದರಿದ ಅರಸನೊಬ್ಬ ಅವನನ್ನು ಲೋಕದಿಂದ ಮರೆಯಾಗಿಡಲು ಇವನ್ನು ಕೊರೆಸಿದನಂತೆ. ಕೋತುವಿಗೆ ತನ್ನ ಚರ್ಚಿನ ಸಂತ ಜೋಸಾಫತ್ ನೆನಪಾದ. ಅವನೂ ಹೀಗೆಯೇ ಮರೆಯಲ್ಲಿ ಬೆಳೆದ ಭಾರತದ ಅರಸುಮಗನೇ. ಹಾಗಾದರೆ ಇಲ್ಲಿಯವರು ಕೊಂಡಾಡುವ ಬುದ್ಧ ಆ ಸಂತನೇ ಇರಬಹುದೆಂದು ಕೋತು ತರ್ಕಿಸಿದ. ಇಬ್ಬರೂ ಒಬ್ಬರೇ ಎಂಬ ಊಹೆ ಸರಿಯಾಗಿತ್ತು. ಯಾರ ಕಥೆ ಯಾರಿಗೆ ಹೋಯಿತು ಎಂಬುದು ಮಾತ್ರ ಅವನಿಗೆ ತಿರುವುಮುರುವಾಗಿ ಕಂಡಿತು. ಹೋಲಿಕೆಯೊಂದನ್ನೇ ನೆಚ್ಚಿದವರಿಗೆ ಆಗುವುದು ಇದೇ. ನೋಡುವವನು ಎಲ್ಲಿ ನಿಂತಿದ್ದಾನೋ ಅಲ್ಲಿಂದಲೇ ಕಥೆ ಹೊರಟಂತೆ ತೋರುತ್ತದೆ.

ನಿಜವಾದ ದಿಕ್ಕನ್ನು ತೋರಿಸಿಕೊಟ್ಟದ್ದು ಹಸ್ತಪ್ರತಿಗಳು. ಬೋಧಿಸತ್ವನ ಕಥೆ ಇರಾನಿನ ಮೂಲಕ ಅರಬ್ಬಿಗೆ ಬಂದಾಗ ನಾಯಕನ ಹೆಸರು ಬೂದಾಸಫ್. ಅರಬ್ಬಿ ಬರಹದಲ್ಲಿ ಅದರ ಮೊದಲ ಅಕ್ಷರಕ್ಕೆ ಒಂದು ಚುಕ್ಕೆ ಹೆಚ್ಚಾದರೆ ಸಾಕು, ಬೂದಾಸಫ್ ಯೂದಾಸಫ್ ಆಗುತ್ತಾನೆ. ಆ ತಪ್ಪೇ ಜಾರ್ಜಿಯನ್ ಭಾಷೆಗೆ ಇಯೋದಾಸಫ್ ಆಗಿ, ಗ್ರೀಕಿಗೆ ಇಯೋವಾಸಫ್ ಆಗಿ, ಲ್ಯಾಟಿನ್ನಿಗೆ ಜೋಸಾಫತ್ ಆಗಿ ಇಳಿಯಿತು. ಬುದ್ಧನಿಂದ ಜೋಸಾಫತನಿಗೆ ಈ ದಾರಿ ಹಿಡಿದು ಬರಬಹುದು, ಜೋಸಾಫತನಿಂದ ಬುದ್ಧನಿಗೆ ಹೋಗಲಾಗದು. 1571ರಲ್ಲಿ ವೆನಿಸ್‌ನ ಅಧಿಪತಿ ಈ ಸಂತನದೆಂದು ನಂಬಿದ ಮೂಳೆಯೊಂದನ್ನು ಪೋರ್ಚುಗಲ್ಲಿನ ದೊರೆ ಸೆಬಾಸ್ಟಿಯನ್‌ಗೆ ಕಾಣಿಕೆಯಾಗಿ ಕೊಟ್ಟ. ರೋಮಿನ ಚರ್ಚು ನವೆಂಬರ್ 27ನ್ನು ಸಂತನ ದಿನವೆಂದು ಗುರುತಿಸಿತು. ಜೋಸಾಫತನ ಕಥೆಯ ಒಳಗಿನ ದೃಷ್ಟಾಂತವೊಂದೂ ಹೆಸರಿನ ಜಾಡಿನಷ್ಟೇ ಗಟ್ಟಿಯಾದ ಸಾಕ್ಷ್ಯ. ಬಾವಿಯೊಳಗೆ ನೇತಾಡುವ ಮನುಷ್ಯ, ಕೆಳಗೆ ಬಾಯ್ದೆರೆದ ಹಾವು, ಹಗಲಿರುಳುಗಳಂತೆ ಬೇರು ಕಡಿಯುವ ಬಿಳಿ ಕರಿ ಇಲಿಗಳು, ಅಷ್ಟಾದರೂ ನಾಲಗೆಗೆ ಬಿದ್ದ ಜೇನಹನಿಯ ರುಚಿಯಲ್ಲಿ ಮೈಮರೆತ ಅವನು. ಜೈನರು ಇದನ್ನು ಮಧುಬಿಂದು ದೃಷ್ಟಾಂತವೆನ್ನುತ್ತಾರೆ. ಮಹಾಭಾರತದ ಸ್ತ್ರೀಪರ್ವದಲ್ಲಿ ವಿದುರ ಇದನ್ನು ಮಕ್ಕಳನ್ನು ಕಳೆದುಕೊಂಡ ಧೃತರಾಷ್ಟ್ರನಿಗೆ ಹೇಳುತ್ತಾನೆ. ಇಟಲಿಯ ಪಾರ್ಮಾದ ದೀಕ್ಷಾಸ್ನಾನ ಮಂದಿರದಲ್ಲಿ ಶಿಲ್ಪಿ ಆಂತೆಲಾಮಿ ಇದನ್ನೇ ಬಾಗಿಲ ಮೇಲೆ ಕಡೆದಿದ್ದಾನೆ. ಇಷ್ಟೊಂದು ವಿಚಿತ್ರ ವಿವರಗಳು ಇದೇ ಜೋಡಣೆಯಲ್ಲಿ ಎರಡು ಕಡೆ ತಾವಾಗಿ ಹುಟ್ಟುವುದನ್ನು ನಾನು ನಂಬಲಾರೆ.

ಹೀಗೆ ಬರಹದ ಸಾಕ್ಷ್ಯ ಕೇಳುವುದನ್ನು ಒಪ್ಪದವರ ವಾದವೊಂದಿದೆ, ಅದಕ್ಕೆ ತೂಕವೂ ಇದೆ. ಕಥೆಗಳು ಬಾಯಿಂದ ಬಾಯಿಗೆ ಹೋಗುತ್ತವೆ. ನಾವಿಕ ಓಲೆ ಹೊತ್ತು ತಿರುಗುವುದಿಲ್ಲ. ಪ್ರತಿಯೊಂದಕ್ಕೂ ಹಸ್ತಪ್ರತಿ ಕೇಳಿದರೆ ಹೇಗೆ? ಈ ಸೀಮೆಯನ್ನೇ ನೋಡಿ. ಕಾನ್ಹೇರಿಗೆ ದಾನ ಕೊಟ್ಟವರಲ್ಲಿ ಕಲ್ಯಾಣದ, ಸೋಪಾರದ ವರ್ತಕರಿದ್ದರು. ಆರನೆಯ ಶತಮಾನದ ಗ್ರೀಕ್ ಯಾತ್ರಿಕ ಕಾಸ್ಮಾಸ್, ಕಲ್ಲಿಯಾನದಲ್ಲಿ ಪರ್ಷಿಯಾದಿಂದ ನೇಮಕಗೊಂಡ ಬಿಷಪ್ ಇದ್ದನೆಂದು ಬರೆಯುತ್ತಾನೆ. (ಅದು ಉಡುಪಿ ಬಳಿಯ ಕಲ್ಯಾಣಪುರವೆನ್ನುವವರೂ ಇದ್ದಾರೆ. ಠಾಣೆಯ ಕಲ್ಯಾಣದ ಪರವಾದ ವಾದವೇ ನನಗೆ ಬಲವಾಗಿ ಕಾಣುತ್ತದೆ.) ನಮ್ಮ ನೃಪತುಂಗ ಅಮೋಘವರ್ಷನ ಹೆಸರು ಹೊತ್ತ, 853ರ ದಾನಶಾಸನವೂ ಕಾನ್ಹೇರಿಯಲ್ಲಿದೆ, ಆಗ ಕೊಂಕಣವನ್ನು ಆಳುತ್ತಿದ್ದವನು ಅವನ ಸಾಮಂತ ಶಿಲಾಹಾರ ಕಪರ್ದಿ. 90ನೆಯ ಗುಹೆಯಲ್ಲಿ 1009 ಮತ್ತು 1021ರಲ್ಲಿ ಬಂದ ಪಾರಸಿಗಳು ಪಹ್ಲವಿ ಲಿಪಿಯಲ್ಲಿ ಕೊರೆಸಿದ ಬರಹಗಳಿವೆ. ಬುದ್ಧವಿಗ್ರಹಗಳ ನಡುವೆ ಓಡಾಡಿದ ಆ ಜರತುಷ್ಟ್ರೀಯರು ಬಿಟ್ಟುಹೋದದ್ದು ತಮ್ಮ ಹೆಸರು, ಬಂದ ದಿನ. ಕಂಡ ಕಥೆಯ ಬಗ್ಗೆ ಒಂದು ಮಾತೂ ಇಲ್ಲ. ಇಷ್ಟೆಲ್ಲ ಜನ ಕೂಡುತ್ತಿದ್ದ ಈ ಬಂದರುಸೀಮೆಯಿಂದ ಕಥೆಯೊಂದು ದಾಟಿತೆನ್ನಲು ಕುರುಹಿಲ್ಲ. ದಾಟಿದ್ದು ಖಚಿತವಾಗಿರುವ ಆ ಒಂದು ಕಥೆಯ ಜಾಡು ಸಿಗುವುದು ಇರಾನ್, ಬಾಗ್ದಾದ್, ಜಾರ್ಜಿಯಾಗಳ ದಾರಿಯಲ್ಲಿ. ನೆರೆಹೊರೆಯಲ್ಲಿ ಬಾಳಿದ್ದರೆಂದರೆ ಅವಕಾಶವಿತ್ತು ಎಂದಷ್ಟೇ ಅರ್ಥ. ಬಾಯಿಮಾತಿನ ವಾದ ಹೂಡುವವರು ‘ಸಾಧ್ಯ’ ಎಂಬಲ್ಲಿಗೆ ನಿಲ್ಲಬೇಕು.

ಹಾಗೆ ನಿಲ್ಲದವರೇ ಹೆಚ್ಚು. ಶಿಶು ಬುದ್ಧನನ್ನು ಕಂಡ ಅಸಿತನಿಗೂ ಶಿಶು ಯೇಸುವನ್ನು ಎತ್ತಿಕೊಂಡ ಸಿಮೆಯೋನನಿಗೂ ಗಂಟು ಹಾಕಿದವರಿದ್ದಾರೆ. ವೃದ್ಧನೊಬ್ಬ ಮಗುವಿನ ಭವಿಷ್ಯ ನುಡಿಯುವುದು ಹಲವು ನಾಡುಗಳಲ್ಲಿ ಇರುವ ಸಂಗತಿ. ಯೇಸು ಬೌದ್ಧರಲ್ಲಿ ಓದಿದನೆಂದು 1894ರಲ್ಲಿ ಪುಸ್ತಕ ಬರೆದ ನೊಟೊವಿಚ್‌ನದು ಬರೀ ಕಟ್ಟುಕಥೆ. ಆದರೆ ಕೃಷ್ಣನ ವಿಷಯದಲ್ಲಿ ಎಡವಿದವರು ದೊಡ್ಡ ವಿದ್ವಾಂಸರು, ಅದೇ ನನಗೆ ನೋವಿನ ಸಂಗತಿ. ಜರ್ಮನಿಯ ವೇಬರ್ ಕೃಷ್ಣಜನ್ಮಾಷ್ಟಮಿಯಲ್ಲಿ ಕ್ರೈಸ್ತ ಛಾಯೆ ಕಂಡರು. ರಾಮಕೃಷ್ಣ ಗೋಪಾಲ ಭಂಡಾರ್ಕರರು 1913ರಲ್ಲಿ ಬಾಲದೇವರ ಆರಾಧನೆಯನ್ನು ಆಭೀರರೆಂಬ ದನಗಾಹಿ ಜನ ಹೊರಗಿನಿಂದ ತಂದಿರಬೇಕೆಂದರು. ಕಂಸ, ಹೆರೋದ ಇಬ್ಬರೂ ಶಿಶುಗಳನ್ನು ಕೊಲ್ಲಿಸಿದ್ದು ನಿಜ. ಮೋಶೆಯ ಕಾಲದ ಫರೋಹನೂ ಅದನ್ನೇ ಮಾಡಿದ. ಕಂಸವಧೆಯನ್ನಂತೂ ವ್ಯಾಕರಣಕಾರ ಪತಂಜಲಿ ಕ್ರಿಸ್ತನಿಗಿಂತ ಸುಮಾರು ನೂರೈವತ್ತು ವರ್ಷ ಮೊದಲೇ, ಜನ ಆಡಿ ತೋರಿಸುವ ಹಳೆಯ ಕಥೆಯಾಗಿ ಬಲ್ಲ. ಗೋಕುಲದ ಬಾಲಲೀಲೆ ನಮಗೆ ಸಿಗುವುದು ಆಮೇಲಿನ ಹರಿವಂಶದಲ್ಲಿ ಎಂಬುದನ್ನು ಭಂಡಾರ್ಕರರ ಪರವಾಗಿ ಒಪ್ಪಲೇಬೇಕು. ಆದರೆ ತಡವಾಗಿ ಬರಹಕ್ಕೆ ಬಂದದ್ದೆಲ್ಲ ಹೊರಗಿನಿಂದ ಬಂದದ್ದಲ್ಲ. ಆಭೀರರನ್ನೇ ಕೇಳೋಣವೆಂದರೆ, ಅವರ ಅರಸ ಈಶ್ವರಸೇನನ ಕಾಲದ ಶಾಸನ ನಾಸಿಕದ ಗುಹೆಯಲ್ಲಿದೆ. ಅದರಲ್ಲಿರುವುದು ಕಾಯಿಲೆ ಬಿದ್ದ ಬೌದ್ಧ ಭಿಕ್ಷುಗಳ ಔಷಧಕ್ಕೆಂದು ಹೆಣ್ಣುಮಗಳೊಬ್ಬಳು ಇಟ್ಟ ದತ್ತಿಯ ವಿವರ.