ನಿಂತ ವಿಮಾನದ ಲೆಕ್ಕ

ಅಮೆರಿಕದಲ್ಲಿ ಹಳೆಯ ಸಣ್ಣ ವಿಮಾನಗಳ ಮಾರಾಟದ ಜಾಹೀರಾತುಗಳಿಗೆ ಒಂದು ಸಿದ್ಧ ಧಾಟಿಯಿದೆ. ಎಪ್ಪತ್ತರ ದಶಕದ ಸೆಸ್ನಾ 172. ಒಟ್ಟು ಮೂರು ಸಾವಿರ ಚಿಲ್ಲರೆ ಗಂಟೆ ಹಾರಿದೆ. ಎಂಜಿನ್ ಓವರ್‌ಹಾಲ್ ಆದಮೇಲೆ ಬರೀ 300 ಗಂಟೆ. ಸದಾ ಹ್ಯಾಂಗರ್‌ನೊಳಗೇ ಇತ್ತು. ಹೊಸ ಬಣ್ಣ, ಹೊಸ ಸೀಟು, ಟಚ್‌ಸ್ಕ್ರೀನ್ ಜಿಪಿಎಸ್. ಬೆಲೆ ಒಂದು ಲಕ್ಷ ಡಾಲರ್ ಆಸುಪಾಸು. ಓದಿದವರ ಬಾಯಲ್ಲಿ ನೀರೂರಬೇಕು, ಹಾಗೆ ಬರೆದಿರುತ್ತಾರೆ. ಆದರೆ ಕೇಳಬೇಕಾದ ಮೊದಲ ಪ್ರಶ್ನೆಯ ಉತ್ತರ ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ: ಆ ಓವರ್‌ಹಾಲ್ ಆದದ್ದು ಯಾವ ವರ್ಷ? 1998 ಎಂದಾದರೆ ಆ ಎಂಜಿನ್ ವರ್ಷಕ್ಕೆ ಹನ್ನೊಂದೋ ಹನ್ನೆರಡೋ ಗಂಟೆ ಓಡಿದೆ ಎಂದಾಯಿತು. ಮಾರುವವನು ಯಾವುದನ್ನು ಗುಣವೆಂದು ಹೊಗಳುತ್ತಿದ್ದಾನೋ ಅದೇ ಆ ವಿಮಾನದ ರೋಗ.

172ಕ್ಕೆ 1968ರಿಂದ ಬಂದ ಲೈಕಮಿಂಗ್ ಓ-320 ಎಂಜಿನ್‌ನಲ್ಲಿ, ವಾಲ್ವ್‌ಗಳನ್ನು ತೆರೆಯಿಸುವ ಕ್ಯಾಮ್‌ಶಾಫ್ಟ್ ಇರುವುದು ಕ್ರ್ಯಾಂಕ್‌ಶಾಫ್ಟ್‌ಗಿಂತ ಮೇಲೆ. ಎಂಜಿನ್ ನಿಂತಮೇಲೆ ಅದಕ್ಕೆ ಅಂಟಿದ್ದ ಎಣ್ಣೆ ದಿನ ಕಳೆದಂತೆ ಇಳಿದುಹೋಗುತ್ತದೆ. ಪೆಟ್ರೋಲ್ ಉರಿದಾಗ ಹುಟ್ಟಿದ ನೀರಾವಿ ಒಳಗೇ ಉಳಿದು, ತಣ್ಣಗಾಗಿ, ಎಣ್ಣೆಯಿಲ್ಲದ ಉಕ್ಕಿನ ಮೇಲೆ ಕೂರುತ್ತದೆ. ಕ್ಯಾಮ್‌ನ ಮೈಮೇಲೆ ತುಕ್ಕಿನ ಸಣ್ಣ ಕುಳಿಗಳು ಬೀಳುತ್ತವೆ. ಮುಂದೆ ಯಾವತ್ತೋ ಎಂಜಿನ್ ಓಡಿದಾಗ ಕ್ಯಾಮ್‌ಗೆ ಒತ್ತಿ ಕೂರುವ ಲಿಫ್ಟರ್‌ನ ಮುಖ ಆ ಕುಳಿಗಳ ಮೇಲೆ ಉಜ್ಜಿ ಚೂರು ಚೂರಾಗಿ ಏಳಲು ಶುರುವಾಗುತ್ತದೆ. ಸಿಲಿಂಡರ್ ಬಿಚ್ಚದೆ ಇದನ್ನು ಕಣ್ಣಿಂದ ನೋಡುವುದು ಕಷ್ಟ. ಕ್ಯಾಮ್ ಬದಲಿಸಬೇಕೆಂದರೆ ಎಂಜಿನ್‌ನ ಹೊಟ್ಟೆಯನ್ನೇ ಎರಡು ಹೋಳು ಮಾಡಬೇಕು. ಅಷ್ಟಕ್ಕೆ ಕೈ ಹಾಕಿದಮೇಲೆ ಪೂರ್ತಿ ಓವರ್‌ಹಾಲ್ ಮಾಡಿಸುವುದೇ ವಾಸಿ ಎನ್ನಿಸುತ್ತದೆ. ಅದಕ್ಕೆ ಈಗ ಮೂವತ್ತರಿಂದ ನಲವತ್ತು ಸಾವಿರ ಡಾಲರ್. ಕೆಲವು ಮಾಲೀಕರು ವಾರಕ್ಕೊಮ್ಮೆ ಹ್ಯಾಂಗರ್ ಮುಂದೆ ಹತ್ತು ನಿಮಿಷ ಎಂಜಿನ್ ಓಡಿಸಿ ಕರ್ತವ್ಯ ಮುಗಿಸುತ್ತಾರೆ. ಅದರಿಂದ ಕೆಡುಕೇ ಹೆಚ್ಚು: ನೀರು ಆವಿಯಾಗಿ ಹೊರಹೋಗುವಷ್ಟು ಎಣ್ಣೆ ಕಾಯುವುದಿಲ್ಲ, ಹೊಸ ತೇವ ಮಾತ್ರ ಒಳಗೆ ಸೇರುತ್ತದೆ.

ಹಣದ ಲೆಕ್ಕವೂ ಇದೇ ಕಡೆಗೆ ಬೆರಳು ತೋರಿಸುತ್ತದೆ. ಉದಾಹರಣೆಗೆಂದು ಹೀಗೆ ಇಟ್ಟುಕೊಳ್ಳೋಣ: ಹ್ಯಾಂಗರ್ ಬಾಡಿಗೆ ತಿಂಗಳಿಗೆ 400 ಡಾಲರ್, ವಿಮೆ ವರ್ಷಕ್ಕೆ 1,500, ವಾರ್ಷಿಕ ತಪಾಸಣೆ ಮತ್ತು ಅದರಲ್ಲಿ ಸಿಕ್ಕ ರಿಪೇರಿಗಳು 4,000. ಒಟ್ಟು 10,300. ಹಾರಿದರೂ ಹಾರದಿದ್ದರೂ ಇದು ಕೊಡಲೇಬೇಕಾದದ್ದು. ಹಾರಿದರೆ ಗಂಟೆಗೆ ಎಂಟೂವರೆ ಗ್ಯಾಲನ್ ಪೆಟ್ರೋಲ್‌ಗೆ 55 ಡಾಲರ್, ಮುಂದಿನ ಓವರ್‌ಹಾಲ್‌ಗೆ ಎತ್ತಿಡಬೇಕಾದದ್ದು 18. ವರ್ಷಕ್ಕೆ 30 ಗಂಟೆ ಹಾರುವವನಿಗೆ ಗಂಟೆಗೆ 415ರ ಮೇಲೆ ಬೀಳುತ್ತದೆ. 100 ಗಂಟೆ ಹಾರುವವನಿಗೆ 175ರ ಹತ್ತಿರ. ಫ್ಲೈಯಿಂಗ್ ಕ್ಲಬ್‌ನಲ್ಲಿ ಇದೇ ವಿಮಾನ ಇನ್ನೂರು ಡಾಲರ್ ಆಸುಪಾಸಿಗೆ ಬಾಡಿಗೆಗೆ ಸಿಗುವಾಗ, ಮೊದಲನೆಯವನು ಮಾಡುತ್ತಿರುವುದು ಹವ್ಯಾಸವೋ ದಾನಧರ್ಮವೋ ಹೇಳುವುದು ಕಷ್ಟ. ದುಬಾರಿ ಎಂದು ಹೆದರಿ ಹಾರಾಟ ಕಡಿಮೆ ಮಾಡಿದಷ್ಟೂ ವಿಮಾನ ಇನ್ನಷ್ಟು ದುಬಾರಿಯಾಗುತ್ತದೆ. ಮೂರು ನಾಲ್ಕು ಜನ ಸೇರಿ ಪಾಲುದಾರಿಕೆಯಲ್ಲಿ ಕೊಳ್ಳುವ ಪದ್ಧತಿಯನ್ನು ಎಲ್ಲರೂ ಖರ್ಚು ಹಂಚಿಕೊಳ್ಳುವ ಉಪಾಯವೆಂದು ಹೊಗಳುತ್ತಾರೆ. ಅದರ ನಿಜವಾದ ಉಪಕಾರ ಬೇರೆಯೇ: ಕ್ಯಾಮ್‌ಶಾಫ್ಟ್‌ನ ಎಣ್ಣೆ ಆರುವಷ್ಟರಲ್ಲಿ ಯಾರಾದರೊಬ್ಬರು ಬಂದು ಹಾರಿಸುತ್ತಾರೆ.

ಅಷ್ಟೆಲ್ಲ ತಾಪತ್ರಯವಿದ್ದರೆ ಹೊಸದನ್ನೇ ಕೊಳ್ಳಬಾರದೇಕೆ? ಹೊಸ 172ರ ಬೆಲೆ ನಾಲ್ಕು ಲಕ್ಷ ಡಾಲರ್ ದಾಟಿದೆ. 1956ರಿಂದ ಇಂದಿನವರೆಗೆ 44,000ಕ್ಕೂ ಹೆಚ್ಚು ತಯಾರಾದ, ಲೋಕದಲ್ಲೇ ಅತಿ ಹೆಚ್ಚು ಸಂಖ್ಯೆಯ ಈ ವಿಮಾನದ ಬಾಳಿನಲ್ಲಿ ಹತ್ತು ವರ್ಷದ ಬರಗಾಲವೂ ಉಂಟು. ಬೇಡಿಕೆ ಕುಸಿದು, ಅಪಘಾತದ ಪರಿಹಾರ ಮೊಕದ್ದಮೆಗಳು ಏರಿ, 1986ರಲ್ಲಿ ಸೆಸ್ನಾ ಕಂಪನಿ ಪಿಸ್ಟನ್ ಎಂಜಿನ್ ವಿಮಾನಗಳ ತಯಾರಿಕೆಯನ್ನೇ ನಿಲ್ಲಿಸಿತು. 1994ರಲ್ಲಿ ಬಂದ ಕಾನೂನು 18 ವರ್ಷ ದಾಟಿದ ಸಣ್ಣ ವಿಮಾನದ ಮೇಲಿನ ಹೊಣೆಯಿಂದ ತಯಾರಕರನ್ನು ಬಹುಮಟ್ಟಿಗೆ ಬಿಡಿಸಿತು; 1996ರಲ್ಲಿ ಕ್ಯಾನ್ಸಾಸ್‌ನ ಇಂಡಿಪೆಂಡೆನ್ಸ್ ಊರಿನಲ್ಲಿ ತಯಾರಿಕೆ ಮತ್ತೆ ಶುರುವಾಯಿತು. ಈ ಕಾನೂನನ್ನು ಸಣ್ಣ ವಿಮಾನಗಳ ಪುನರ್ಜನ್ಮ ಎಂದು ಕೊಂಡಾಡುವವರೇ ಹೆಚ್ಚು. ಹಳೆಯ ವಿಮಾನದ ಮಾಲೀಕನ ಮಟ್ಟಿಗೆ ಅದರ ಇನ್ನೊಂದು ಮುಖವನ್ನೂ ನೋಡಬೇಕು. ತಯಾರಕ ಪಕ್ಕಕ್ಕೆ ಸರಿದಮೇಲೆ, ಐವತ್ತು ವರ್ಷದ ವಿಮಾನ ಬಿದ್ದರೆ ವಕೀಲರ ಕಣ್ಣಿಗೆ ಬೀಳುವುದು ಲಾಗ್‌ಬುಕ್‌ನಲ್ಲಿ ಕೊನೆಯ ಸಹಿ ಹಾಕಿದ ಮೆಕ್ಯಾನಿಕ್. ಅವನಿಗೂ ಅದು ಗೊತ್ತು. ‘ಇನ್ನೂ ಒಂದು ವರ್ಷ ನಡೆಯುತ್ತದೆ’ ಎನ್ನಬಹುದಾದ ಕಡೆ ಅವನು ‘ಬದಲಿಸಿಬಿಡಿ’ ಎನ್ನುತ್ತಾನೆ. ಬಿಲ್‌ನಲ್ಲಿ ಬಿಡಿಭಾಗ, ಕೂಲಿ ಎಂದು ಎರಡೇ ಕಲಮು ಇರುತ್ತವೆ. ಮೂರನೆಯದಾದ ಭಯಕ್ಕೆ ಪ್ರತ್ಯೇಕ ಸಾಲಿಲ್ಲ.

‘ಆನ್ಯುಯಲ್’ ಎಂದು ಎಲ್ಲರೂ ಕರೆಯುವ ವಾರ್ಷಿಕ ತಪಾಸಣೆ ಹನ್ನೆರಡು ತಿಂಗಳಿಗೊಮ್ಮೆ ಕಡ್ಡಾಯ. ಎಂಟು ಗಂಟೆ ಹಾರಿದ ವಿಮಾನಕ್ಕೂ ಅದೇ, ಎಂಟುನೂರು ಗಂಟೆ ಹಾರಿದ್ದಕ್ಕೂ ಅದೇ. ಗೆಳೆಯರೊಬ್ಬರ ವಿಮಾನದ ಆನ್ಯುಯಲ್ ನಡೆಯುವಾಗ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಕೂಲಿ ಉಳಿಸಲು ಮಾಲೀಕನೇ ಸ್ಕ್ರೂಡ್ರೈವರ್ ಹಿಡಿದು ರೆಕ್ಕೆಯ ಕೆಳಗಿನ ಮುಚ್ಚಳಗಳನ್ನು ಒಂದೊಂದಾಗಿ ಬಿಚ್ಚುತ್ತಾನೆ. ಎಣ್ಣೆಯ ಫಿಲ್ಟರನ್ನು ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ, ಬೆಳಕಿಗೆ ಹಿಡಿದು ಲೋಹದ ಮಿಣುಕು ಹುಡುಕುತ್ತಾರೆ. ಪ್ರತಿ ಸಿಲಿಂಡರಿಗೂ 80 ಪೌಂಡ್ ಒತ್ತಡದ ಗಾಳಿ ಬಿಟ್ಟು ಎಷ್ಟು ನಿಲ್ಲುತ್ತದೆ ಎಂದು ಅಳೆಯುತ್ತಾರೆ. ಎಂಬತ್ತಕ್ಕೆ ಎಪ್ಪತ್ತೆರಡು ಬಂದರೆ ಎಲ್ಲರ ಮುಖವೂ ಸಡಿಲವಾಗುತ್ತದೆ. ಐವತ್ತೆಂಟು ಬಂದರೆ ಮೆಕ್ಯಾನಿಕ್ ಹೊಗೆಕೊಳವೆಗೆ ಕಿವಿ ಕೊಡುತ್ತಾನೆ, ಆಮೇಲೆ ಎಣ್ಣೆ ಹಾಕುವ ಬಾಯಿಗೆ. ಸುಸ್ ಎನ್ನುವ ಸದ್ದು ಹೊಗೆಕೊಳವೆಯಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಎಣ್ಣೆಬಾಯಲ್ಲಿ ಕೇಳಿದರೆ ಪಿಸ್ಟನ್ ರಿಂಗ್. ಇಷ್ಟು ಸೊಗಸಾದ ರೋಗಪರೀಕ್ಷೆ ನಡೆದಮೇಲೂ ಎಷ್ಟೋ ಕಡೆ ಅಂಕಿಯೊಂದನ್ನೇ ನೋಡಿ ಸಿಲಿಂಡರ್ ಕೀಳುವ ಅಭ್ಯಾಸ ಹೋಗಿಲ್ಲ. ಅಂಕಿ ಸಾಲದು, ಬೋರ್‌ಸ್ಕೋಪ್ ಇಳಿಸಿ ವಾಲ್ವನ್ನು ಕಣ್ಣಾರೆ ನೋಡಿ ಎಂದು ಕಾಂಟಿನೆಂಟಲ್ ಎಂಜಿನ್ ಕಂಪನಿಯೇ 2003ರಲ್ಲಿ ಸೂಚಿಸಿತ್ತು.

ಈ ಅಭ್ಯಾಸದ ವಿರುದ್ಧ ಅತಿ ಗಟ್ಟಿಯಾಗಿ ದನಿಯೆತ್ತಿದವರು ಮೈಕ್ ಬುಶ್. 2008ರಲ್ಲಿ ಅಮೆರಿಕದ ವಿಮಾನಯಾನ ಆಡಳಿತದಿಂದ ವರ್ಷದ ಮೆಕ್ಯಾನಿಕ್ ಎಂಬ ರಾಷ್ಟ್ರೀಯ ಗೌರವ ಪಡೆದವರು. 2014ರಲ್ಲಿ ಬಂದ ಅವರ ‘ಮ್ಯಾನಿಫೆಸ್ಟೋ’ ಪುಸ್ತಕದ ವಾದವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ನಾವು ನಮ್ಮ ವಿಮಾನಗಳನ್ನು ಅತಿಯಾಗಿ ರಿಪೇರಿ ಮಾಡಿ ಕೆಡಿಸುತ್ತಿದ್ದೇವೆ. ಅವರ ಸಾಕ್ಷಿಗಳಲ್ಲಿ ನನಗೆ ಹಿಡಿಸಿದ್ದು ವ್ಯಾಡಿಂಗ್ಟನ್ ಕಥೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಕೋಸ್ಟಲ್ ಕಮಾಂಡ್‌ಗೆ ಸಲಹೆಗಾರರಾಗಿದ್ದ ಜೀವವಿಜ್ಞಾನಿ ಸಿ. ಎಚ್. ವ್ಯಾಡಿಂಗ್ಟನ್, ಲಿಬರೇಟರ್ ಬಾಂಬರ್‌ಗಳು ಯಾವಾಗ ಕೆಡುತ್ತವೆ ಎಂದು ಲೆಕ್ಕ ಹಾಕಿದರು. 50 ಗಂಟೆಗೊಮ್ಮೆ ನಡೆಯುತ್ತಿದ್ದ ತಪಾಸಣೆಯ ಬೆನ್ನಿಗೇ ಅನಿರೀಕ್ಷಿತ ರಿಪೇರಿಗಳು ಏರುತ್ತಿದ್ದವು, ಮುಂದಿನ ತಪಾಸಣೆ ಹತ್ತಿರವಾಗುವ ಹೊತ್ತಿಗೆ ಇಳಿದಿರುತ್ತಿದ್ದವು. ಅಂದರೆ ತಪಾಸಣೆಯೇ ಕೆಲವು ರೋಗಗಳನ್ನು ತರುತ್ತಿತ್ತು. 1978ರಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ನೌಲನ್ ಮತ್ತು ಹೀಪ್ ಬರೆದ ವರದಿ ಇದನ್ನೇ ಇನ್ನೊಂದು ದಾರಿಯಲ್ಲಿ ಹೇಳಿತು: ಅವರು ನೋಡಿದ ಬಿಡಿಭಾಗಗಳಲ್ಲಿ ವಯಸ್ಸಾದಂತೆ ಸವೆದು ಕೆಡುವ ಲಕ್ಷಣ ತೋರಿಸಿದವು ನೂರಕ್ಕೆ ಹನ್ನೊಂದು ಮಾತ್ರ. ಓ-320ಕ್ಕೆ 2,000 ಗಂಟೆ ಅಥವಾ 12 ವರ್ಷಕ್ಕೆ ಓವರ್‌ಹಾಲ್ ಮಾಡಿಸಿ ಎಂದು ತಯಾರಕರು ಹೇಳುವುದು, ಸ್ವಂತಕ್ಕೆ ಹಾರುವವರ ಮಟ್ಟಿಗೆ, ಶಿಫಾರಸು ಮಾತ್ರ. ಎಂಜಿನ್‌ನ ಸ್ಥಿತಿ ನೋಡಿ ನಿರ್ಧರಿಸಿ, ಕ್ಯಾಲೆಂಡರ್ ನೋಡಿ ಬೇಡ ಎನ್ನುತ್ತಾರೆ ಬುಶ್.

ಮಾಲೀಕನ ಜೇಬಿನ ದೃಷ್ಟಿಯಿಂದ ಇಷ್ಟು ಹಿತವಾದ ವಾದ ಇನ್ನೊಂದಿಲ್ಲ. ಹಾಗಾಗಿಯೇ ಸ್ವಲ್ಪ ತಡೆದು ನೋಡಬೇಕು. ವಿಮಾನ ಕಂಪನಿಗಳ ಬಳಿ ನೂರಾರು ಎಂಜಿನ್‌ಗಳ ದಾಖಲೆ ಇರುತ್ತದೆ. ಒಂದೇ ವಿಮಾನದ ಒಡೆಯನ ಬಳಿ ಒಂದೇ ಎಂಜಿನ್‌ನ ಕಥೆ. ಜೊತೆಗೆ ಬುಶ್ ವಾದ ಎಂಜಿನ್‌ಗೆ ಹೊಂದಿದಷ್ಟು ವಿಮಾನದ ಒಡಲಿಗೆ ಹೊಂದುವುದಿಲ್ಲ. 2018ರ ಏಪ್ರಿಲ್‌ನಲ್ಲಿ ಫ್ಲೋರಿಡಾದ ಡೇಟೋನಾ ಬೀಚ್‌ನಲ್ಲಿ ತರಬೇತಿಯ ಪೈಪರ್ ವಿಮಾನವೊಂದು ನೆಲ ಬಿಟ್ಟು ಏರುತ್ತಿದ್ದಂತೆ ಎಡರೆಕ್ಕೆ ಕಳಚಿ ಬಿತ್ತು. ಒಳಗಿದ್ದ ಇಬ್ಬರೂ ಸತ್ತರು. ಅದು 2007ರಲ್ಲಿ ತಯಾರಾದದ್ದು, ಈ ಲೋಕದ ಲೆಕ್ಕದಲ್ಲಿ ಎಳೆಯದು, ಆದರೆ ಏಳು ಸಾವಿರ ಗಂಟೆ ದಾಟಿ ದುಡಿದಿತ್ತು. ರೆಕ್ಕೆಯ ಮುಖ್ಯ ತೊಲೆಯ ಬೋಲ್ಟ್ ತೂತಿನಲ್ಲಿ ಲೋಹದ ದಣಿವಿನ ಬಿರುಕು ಬೆಳೆದಿತ್ತು. ಬೋಲ್ಟ್ ಬಿಚ್ಚಿ ಎಡ್ಡಿ ಕರೆಂಟ್ ಉಪಕರಣ ಹಿಡಿಯದ ಹೊರತು ಅದು ಕಾಣುವಂಥದ್ದಲ್ಲ. 2021ರಲ್ಲಿ ಜಾರಿಗೆ ಬಂದ ಕಡ್ಡಾಯ ಆದೇಶ ಆ ಪರೀಕ್ಷೆಯನ್ನು ಸಾವಿರಾರು ಪೈಪರ್‌ಗಳಿಗೆ ವಿಧಿಸಿತು. ಬೋಲ್ಟ್ ಬಿಚ್ಚಿ ಹಾಕುವಾಗ ತೂತಿಗೇ ಗೀರು ಬಿದ್ದು ಹೊಸ ಬಿರುಕಿಗೆ ದಾರಿಯಾದೀತು ಎಂದು ಮಾಲೀಕರ ಸಂಘಗಳು ಆಕ್ಷೇಪ ಎತ್ತಿದವು. ವ್ಯಾಡಿಂಗ್ಟನ್ ಇದ್ದಿದ್ದರೆ ತಲೆದೂಗುತ್ತಿದ್ದರೇನೋ. ಆದರೂ ಆ ಖರ್ಚಿನ ಬಗ್ಗೆ ಗೊಣಗಲು ನನಗೆ ಬಾಯಿ ಬರುವುದಿಲ್ಲ. ಸೆಸ್ನಾಗಳ ಸೀಟಿನ ಹಳಿಗೆ ಸಂಬಂಧಿಸಿದ 1987ರ ಆದೇಶವೂ ಇಂಥದ್ದೇ. ಹಳಿಯ ತೂತುಗಳು ಸವೆದು ಪಿನ್ ಜಾರಿದರೆ, ಮೂತಿ ಮೇಲೆತ್ತಿ ಏರುವ ಹೊತ್ತಿನಲ್ಲೇ ಪೈಲಟ್‌ನ ಸೀಟು ಹಿಂದಕ್ಕೋಡುತ್ತದೆ, ಗಾಬರಿಯಲ್ಲಿ ಅವನ ಕೈ ಹಿಡಿಕೆಯನ್ನೂ ಜೊತೆಗೆಳೆಯುತ್ತದೆ. ಕೆಲವೇ ನೂರು ಡಾಲರ್‌ನ ಹಳಿ. ಯಾವ ಜಾಹೀರಾತೂ ಅದನ್ನು ಹೇಳಿಕೊಳ್ಳುವುದಿಲ್ಲ.

ಬಿಡಿಭಾಗಗಳ ಬೆಲೆಯಲ್ಲಿ ಲೋಹದ ಪಾಲು ಕಡಿಮೆ, ಕಾಗದದ್ದೇ ಹೆಚ್ಚು. ಎಪ್ಪತ್ತರ ದಶಕದ ಹಲವು ಸೆಸ್ನಾಗಳಲ್ಲಿರುವುದು ಫೋರ್ಡ್ ಕಾರಿನ ಮಾದರಿಯ ಆಲ್ಟರ್ನೇಟರ್. ಕಾರಿನ ಅಂಗಡಿಯಲ್ಲಿ ಕೊಂಡದ್ದನ್ನು ಹಾಕುವಂತಿಲ್ಲ. ಅನುಮೋದನೆಯ ಚೀಟಿಯೊಂದಿಗೆ ಬಂದದ್ದೇ ಆಗಬೇಕು, ಬೆಲೆ ಹಲವು ಪಟ್ಟು. ಮಾಲೀಕನೇ ತನ್ನ ವಿಮಾನಕ್ಕೆ ಬಿಡಿಭಾಗ ಮಾಡಿಸಿಕೊಳ್ಳಬಹುದು ಎಂಬ ನಿಯಮವೂ ಇದೆ, ಬಳಸುವವರು ವಿರಳ. ಕೆನಡಾ ಇನ್ನೂ ಮುಂದೆ ಹೋಗಿ, ಸರಳ ಹಳೆಯ ವಿಮಾನಗಳನ್ನು ಮಾಲೀಕನೇ ರಿಪೇರಿ ಮಾಡಿ ಸಹಿ ಹಾಕುವ ವರ್ಗವೊಂದನ್ನು ತೆರೆದಿದೆ. ಆ ವರ್ಗಕ್ಕೆ ಸೇರಿದ ವಿಮಾನವನ್ನು ಅಮೆರಿಕ ತನ್ನ ಗಡಿಯೊಳಗೆ ಬಿಟ್ಟುಕೊಳ್ಳುವುದಿಲ್ಲ.

ಅಪ್‌ಗ್ರೇಡ್ ವಿಷಯಕ್ಕೆ ಬಂದರೆ ನಮ್ಮ ಹಳೆಯ ಗಾದೆಯೇ ಸಾಕು: ಮೇಲೆ ಥಳುಕು, ಒಳಗೆ ಹುಳುಕು. ನಲವತ್ತು ಸಾವಿರ ಡಾಲರ್‌ನ ಗಾಜಿನ ಪ್ಯಾನೆಲ್ ಹಾಕಿಸಿದವನು ಮಾರುವಾಗ ಅರ್ಧ ಬಂದರೆ ಪುಣ್ಯ. ಅದೇ ವಿಮಾನದ ಇಂಧನದ ಹೋಸ್‌ಗಳು ಗಟ್ಟಿಯಾಗಿ ಬಿರುಕು ಬಿಡುವ ಹಂತದಲ್ಲಿರುತ್ತವೆ. ಎಲ್ಲ ಅಪ್‌ಗ್ರೇಡೂ ಶೋಕಿ ಎಂದರೆ ಮಾತ್ರ ಅನ್ಯಾಯವಾದೀತು. ಹಳೆಯ ಗೈರೋ ಉಪಕರಣಗಳನ್ನು ತಿರುಗಿಸುವ ಡ್ರೈ ವ್ಯಾಕ್ಯೂಮ್ ಪಂಪ್ ಯಾವ ಸುಳಿವೂ ಕೊಡದೆ ಒಮ್ಮೆಲೇ ಒಡೆಯುವ ಸಾಧನ. ಮೋಡದೊಳಗೆ ಒಡೆದರೆ ದಿಗಂತವೇ ಸುಳ್ಳಾಗುತ್ತದೆ. 2016ರಲ್ಲಿ ನಿಯಂತ್ರಕರು ಹಿಡಿತ ಸಡಿಲಿಸಿ ಡೈನಾನ್ ಡಿ10ಎ, ಗಾರ್ಮಿನ್ ಜಿ5 ಥರದ ಅಗ್ಗದ ಎಲೆಕ್ಟ್ರಾನಿಕ್ ಉಪಕರಣಗಳನ್ನು ಹಳೆಯ ವಿಮಾನಗಳಿಗೆ ಬಿಟ್ಟರು. ಹಳೆಯ ವಿಮಾನಗಳ ಸುರಕ್ಷತೆಗೆ ಇತ್ತೀಚೆಗೆ ಆದ ಅತಿ ಒಳ್ಳೆಯ ಕೆಲಸ ಅದೇ ಎಂದು ನನ್ನ ಎಣಿಕೆ. 2020ರ ಜನವರಿ 1ರಿಂದ ಹೆಚ್ಚಿನ ದಟ್ಟಣೆಯ ಆಕಾಶದಲ್ಲಿ ಕಡ್ಡಾಯವಾದ, ವಿಮಾನದ ಸ್ಥಾನವನ್ನು ಸಾರುತ್ತಲೇ ಇರುವ ಎಡಿಎಸ್‌-ಬಿ ಬಗ್ಗೆ ಮಾಲೀಕರು ವರ್ಷಗಟ್ಟಲೆ ಶಾಪ ಹಾಕಿದರು. ಅದರ ಸಂಕೇತಗಳನ್ನು ಹಿಡಿಯುವ ಸಣ್ಣ ಪೆಟ್ಟಿಗೆಯೊಂದನ್ನು ಇಟ್ಟುಕೊಂಡರೆ ಸುತ್ತಲಿನ ವಿಮಾನಗಳೂ ಮುಂದಿನ ಮಳೆಮೋಡವೂ ಪುಕ್ಕಟೆಯಾಗಿ ಟ್ಯಾಬ್ಲೆಟ್ ಮೇಲೆ ಮೂಡಲು ತೊಡಗಿದಮೇಲೆ ಗೊಣಗಾಟ ತಗ್ಗಿತು.

ಇನ್ನು ಯಾರ ಲೆಕ್ಕಕ್ಕೂ ಸಿಗದ ಖರ್ಚು ನಾಳಿನ ಪೆಟ್ರೋಲ್‌ನದು. ಈ ಎಂಜಿನ್‌ಗಳು ಕುಡಿಯುವ 100ಎಲ್‌ಎಲ್‌ನಲ್ಲಿ ಇವತ್ತಿಗೂ ಸೀಸ ಇದೆ. 2030ರ ಕೊನೆಯೊಳಗೆ ಅದನ್ನು ಬಿಡಬೇಕೆಂಬುದು ಅಮೆರಿಕದ ಗುರಿ. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿ 2022ರ ಆರಂಭದಲ್ಲೇ ತನ್ನ ವಿಮಾನ ನಿಲ್ದಾಣಗಳಲ್ಲಿ ಮಾರಾಟ ನಿಲ್ಲಿಸಿತು. ಬದಲಿ ಇಂಧನಗಳ ದಾರಿ ಸುಗಮವಾಗಿಲ್ಲ. ಸೀಸವಿಲ್ಲದ 94 ಆಕ್ಟೇನ್ ಪೆಟ್ರೋಲಿಗೆ 2023ರಲ್ಲಿ ಬದಲಾದ ನಾರ್ತ್ ಡಕೋಟಾ ವಿಶ್ವವಿದ್ಯಾಲಯದ ತರಬೇತಿ ವಿಭಾಗ, ಎಕ್ಸಾಸ್ಟ್ ವಾಲ್ವ್‌ಗಳ ಕೂರುಮಣೆ ಸವೆಯುತ್ತಿದೆ ಎಂದು ಕಂಡುಕೊಂಡು ಕೆಲವೇ ತಿಂಗಳಲ್ಲಿ ಸೀಸದ ಪೆಟ್ರೋಲಿಗೇ ಮರಳಿತು. ಅದೇ ಆಸುಪಾಸಿನಲ್ಲಿ, 2022ರ ಸೆಪ್ಟೆಂಬರ್‌ನಲ್ಲಿ, ಅಲ್ಲಿಯವರೆಗೆ ಆಮದನ್ನೇ ನೆಚ್ಚಿದ್ದ ಭಾರತದಲ್ಲಿ ಇಂಡಿಯನ್ ಆಯಿಲ್ ತನ್ನ ವಡೋದರಾ ಸಂಸ್ಕರಣಾಗಾರದಲ್ಲಿ ತಯಾರಿಸಿದ 100ಎಲ್‌ಎಲ್ ಪೆಟ್ರೋಲನ್ನು ಮಾರುಕಟ್ಟೆಗೆ ಬಿಟ್ಟಿತು. ಇವತ್ತು ಮೂವತ್ತೈದು ಸಾವಿರ ಡಾಲರ್ ಸುರಿದು ಓ-320 ಒಂದನ್ನು ಓವರ್‌ಹಾಲ್ ಮಾಡಿಸುವ ಅಮೆರಿಕದ ಮಾಲೀಕ, ಅದರ 2,000 ಗಂಟೆಗಳ ಆಯುಸ್ಸಿನ ಉತ್ತರಾರ್ಧದಲ್ಲಿ ಟ್ಯಾಂಕಿಗೆ ಏನು ತುಂಬಿಸುತ್ತೇನೆ, ಎಷ್ಟಕ್ಕೆ ತುಂಬಿಸುತ್ತೇನೆ ಎಂದು ತಿಳಿಯದೆಯೇ ಚೆಕ್ಕಿಗೆ ಸಹಿ ಹಾಕುತ್ತಿದ್ದಾನೆ.