ಬೆಳಗಿನ 33, ಮಧ್ಯಾಹ್ನದ 33

ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಕಾರು ನಿಂತ ಕೂಡಲೇ ಗಾಳಿ ಹಾಕುವ ಹುಡುಗ ಪೈಪು ಎಳೆದುಕೊಂಡು ಬರುತ್ತಾನೆ. ‘ಎಷ್ಟು ಹಾಕ್ಲಿ ಸಾರ್?’ ಕಾರಿನವರಿಗೆ ಗೊತ್ತಿಲ್ಲ. ‘ನೀನೇ ನೋಡಿ ಹಾಕಪ್ಪ’ ಅನ್ನುತ್ತಾರೆ. ನಾಲ್ಕೂ ಚಕ್ರಕ್ಕೆ 35 ಬೀಳುತ್ತದೆ, ಹಿಂದಿನ ಗಾಡಿ ಹಾರನ್ ಹೊಡೆಯುತ್ತದೆ, ಅಲ್ಲಿಗೆ ಮುಗಿಯಿತು. ಇಬ್ಬರಿಗೂ ಗೊತ್ತಿಲ್ಲದ ಉತ್ತರ ಡ್ರೈವರ್ ಬಾಗಿಲು ತೆರೆದರೆ ಕಾಣುವ ಸ್ಟಿಕ್ಕರಿನಲ್ಲೇ ಇರುತ್ತದೆ. ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ. ಟೈರಿನ ಮೈಮೇಲೆ ಅಚ್ಚಾಗಿರುವ ಅಂಕಿ ಬೇರೆ. ಅದು ಟೈರಿಗೆ ಹಾಕಬಹುದಾದ ಗರಿಷ್ಠ ಒತ್ತಡ, ಆ ಕಾರಿಗೆ ಬೇಕಾದದ್ದಲ್ಲ.

ಕಾರಿನ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ 12 ವೋಲ್ಟಿನ ಪಂಪು ಈಗ ಬಹಳ ಮನೆಗಳಿಗೆ ಬಂದಿದೆ. ಬಂಕಿನಲ್ಲಿ ಪುಕ್ಕಟೆ ಸಿಗುವ ಗಾಳಿಗೆ ದುಡ್ಡು ಯಾಕೆ ಎಂದು ಕೇಳುವವರಿದ್ದಾರೆ. ಮನೆಯ ಗಾಳಿಗೂ ಬಂಕಿನ ಗಾಳಿಗೂ ವ್ಯತ್ಯಾಸವಿಲ್ಲ, ನಿಜ. ವ್ಯತ್ಯಾಸವಿರುವುದು ಹೊತ್ತಿನಲ್ಲಿ.

ಸ್ಟಿಕ್ಕರಿನ 33 ಪಿಎಸ್‌ಐ ತಣ್ಣಗಿರುವ ಟೈರಿನದು: ಕನಿಷ್ಠ ಮೂರು ತಾಸು ನಿಂತ ಕಾರು. ಬೆಳಿಗ್ಗೆ 31 ಇದ್ದ ಟೈರು ಬಿಸಿಲಲ್ಲಿ ಓಡಿ ಬಂಕು ಸೇರುವಾಗ 35 ತೋರಿಸಬಹುದು. ‘ಜಾಸ್ತಿ ಇದೆ ಸಾರ್’ ಎಂದು ಹುಡುಗ 33ಕ್ಕೆ ಇಳಿಸುತ್ತಾನೆ. ಮರುದಿನ ಬೆಳಿಗ್ಗೆ ಅದೇ ಟೈರಿನಲ್ಲಿ ಉಳಿದದ್ದು ಸುಮಾರು 29. ಎರಡು ಹಾಕಿಸಬೇಕಾಗಿದ್ದವರು ಎರಡು ಕಳೆದುಕೊಂಡು ಬಂದರು. ತಪ್ಪು ಹುಡುಗನದಲ್ಲ, ಮೀಟರಿನದೂ ಅಲ್ಲ.

ಹಾಗೆಂದು ಮನೆಯ ಪಂಪನ್ನು ಕಣ್ಣುಮುಚ್ಚಿ ಹೊಗಳುವಂತಿಲ್ಲ. ಮೋಟಾರು ಓಡುತ್ತಿರುವಾಗ ಅದರ ಮೀಟರು ತೋರಿಸುವುದು ಪೈಪಿನೊಳಗಿನ ಒತ್ತಡ; ಟೈರಿನೊಳಗೆ ಅದಕ್ಕಿಂತ ಕಡಿಮೆ ಇರುತ್ತದೆ. ಪಂಪು ನಿಲ್ಲಿಸಿ ಓದಿದರೆ ಮುಳ್ಳು ಇಳಿದಿರುತ್ತದೆ. ಪೈಪು ತಿರುಗಿಸಿ ತೆಗೆಯುವಾಗ ಬುಸ್ಸೆಂದು ಇನ್ನಷ್ಟು ಹೋಗುತ್ತದೆ. ಡಿಜಿಟಲ್ ಪರದೆಯ ಮೇಲಿನ 33.4 ಇನ್ನೊಂದು ಮೋಹ: ದಶಾಂಶ ಕಂಡಾಕ್ಷಣ ಅಳತೆ ಖಚಿತ ಅನ್ನಿಸಿಬಿಡುತ್ತದೆ, ಉಪಕರಣ ಒಂದು ಪಿಎಸ್‌ಐ ಅತ್ತಿತ್ತ ಹೇಳುತ್ತಿದ್ದರೂ. ಒಂದನ್ನೇ ಕೊಳ್ಳುವುದಾದರೆ ಪಂಪಿಗಿಂತ ಬೇರೆಯಾಗಿ ಸಿಗುವ ಒಳ್ಳೆಯ ಮುಳ್ಳಿನ ಗೇಜೇ ಮೇಲು. ಫ್ರಾನ್ಸಿನ ಯೂಜೀನ್ ಬೂರ್ದೋನ್ 1849ರಲ್ಲಿ ಪೇಟೆಂಟ್ ಪಡೆದ, ಒತ್ತಡ ಏರಿದಂತೆ ನೆಟ್ಟಗಾಗುವ ಬಾಗಿದ ಕೊಳವೆಯೇ ಅಂಥ ಗೇಜುಗಳ ಹೊಟ್ಟೆಯಲ್ಲಿ ಇವತ್ತಿಗೂ ಇದೆ. ಬ್ಯಾಟರಿ ಬೇಡ. ಅದು ಒಂದು ಪಿಎಸ್‌ಐ ಸುಳ್ಳು ಹೇಳಿದರೂ ಪ್ರತಿ ಸಲ ಅದೇ ಸುಳ್ಳನ್ನು ಹೇಳುತ್ತಿದ್ದರೆ ಸಾಕು. ಮೂರು ಚಕ್ರ ಅಲ್ಲೇ ನಿಂತು ಒಂದು ಮಾತ್ರ ವಾರ ವಾರಕ್ಕೂ ಇಳಿದರೆ ಅಲ್ಲಿ ಮೊಳೆಯಿದೆ, ಇಲ್ಲವೇ ವಾಲ್ವಿನ ಪಿನ್ನು ಸೋರುತ್ತಿದೆ. ಸೋಪಿನ ನೀರು ಬಿಟ್ಟರೆ ಗುಳ್ಳೆ ಏಳುತ್ತದೆ. ಪ್ರತಿ ಸಲ ಬೇರೆ ಬೇರೆ ಬಂಕಿಗೆ ಹೋಗುವವರಿಗೆ ಈ ಸುಳಿವು ಸಿಗುವುದು ಕಷ್ಟ.

ಘಾಟಿ ಹತ್ತಿದರೆ ಲೆಕ್ಕ ಇನ್ನೂ ತಮಾಷೆ. ಗೇಜು ತೋರಿಸುವುದು ಒಳಗಿನ ಮತ್ತು ಹೊರಗಿನ ಒತ್ತಡಗಳ ವ್ಯತ್ಯಾಸವನ್ನು. ಮಂಗಳೂರಿಗಿಂತ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹೊರಗಿನ ಗಾಳಿಯ ಒತ್ತಡ ಒಂದೂವರೆ ಪಿಎಸ್‌ಐಯಷ್ಟು ಕಡಿಮೆ, ಹಾಗಾಗಿ ಗೇಜು ಅಷ್ಟು ಹೆಚ್ಚು ತೋರಿಸಬೇಕು. ಆದರೆ ಆರು ಡಿಗ್ರಿ ತಂಪಾದರೆ ಒಂದು ಪಿಎಸ್‌ಐ ಇಳಿಯುತ್ತದೆ; ಬೆಂಗಳೂರಿನ ಚಳಿ ಕೊಟ್ಟದ್ದರಲ್ಲಿ ಬಹುಪಾಲನ್ನು ವಾಪಸು ಕಿತ್ತುಕೊಳ್ಳುತ್ತದೆ. ನೈಟ್ರೋಜನ್ ಹಾಕಿಸಿದವರೂ ಇದರಿಂದ ತಪ್ಪಿಸಿಕೊಳ್ಳಲಾರರು. ಮಾಮೂಲಿ ಗಾಳಿಯಲ್ಲಿ ನೂರಕ್ಕೆ 78 ಪಾಲು ಅದೇ ಇದೆ.

ಡ್ಯಾಶ್‌ಬೋರ್ಡಿನ ಟೈರ್ ಒತ್ತಡದ ಎಚ್ಚರಿಕೆ ದೀಪವನ್ನು ನಂಬುವವರು ಅದರ ಹುಟ್ಟನ್ನು ನೋಡಬೇಕು. ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳ ಫೈರ್‌ಸ್ಟೋನ್ ಟೈರುಗಳು ಕಿತ್ತುಬಂದು ಜನ ಸತ್ತ ಮೇಲೆ, 2000ದಲ್ಲಿ ಬಂದ ಕಾನೂನು ಈ ದೀಪವನ್ನು ಕಡ್ಡಾಯ ಮಾಡಿಸಿತು. ಅಲ್ಲಿಯ ನಿಯಮದಲ್ಲಿ ಒತ್ತಡ ಕಾಲುಭಾಗ ಇಳಿದ ಮೇಲೆಯೇ ದೀಪ ಹತ್ತಬೇಕಾದದ್ದು: 33 ಇದ್ದದ್ದು 25ರ ಹತ್ತಿರ ಬಂದಾಗ. ಅದೇ ಪ್ರಕರಣದಲ್ಲಿ ಕಾರು ಕಂಪನಿ ಹೇಳಿದ್ದು 26 ಪಿಎಸ್‌ಐ, ಟೈರು ಕಂಪನಿ ಬೇಕೆಂದದ್ದು 30. ಸ್ಟಿಕ್ಕರಿನ ಅಂಕಿಯೂ ಒಮ್ಮೊಮ್ಮೆ ಚರ್ಚೆಯ ವಸ್ತುವೇ.

ಇಷ್ಟೆಲ್ಲ ಶ್ರದ್ಧೆಯವರೂ ಡಿಕ್ಕಿಯೊಳಗಿನ ಸ್ಟೆಪ್ನಿಯನ್ನು ಮರೆಯುತ್ತಾರೆ. ಈಚಿನ ಹಲವು ಕಾರುಗಳಲ್ಲಿ ಅದು ಸಪೂರ ಟೈರು. ಬೇರೆ ನಾಲ್ಕಕ್ಕೆ 33 ಹಾಕಿದ ಕೈ ಇದಕ್ಕೂ 33 ಹಾಕಿ ಮುಚ್ಚಳ ಮುಚ್ಚುತ್ತದೆ. ಅದರ ಮೈಮೇಲೆ ಬರೆದಿರುವುದು ಸಾಮಾನ್ಯವಾಗಿ 60.