ಗಾಯದ ಬಳಿ ನಿಂತ ಬೆರಳು

ಪಾಸ್ಖ ಕಾಲದ ಎರಡನೆಯ ಭಾನುವಾರ ಪ್ರತಿವರ್ಷವೂ ನಾವು ಸಂತ ತೋಮಸರ ವೃತ್ತಾಂತವನ್ನು ಆಲಿಸುತ್ತೇವೆ. ಅಂದಿನ ಪ್ರಬೋಧನೆಗಳಲ್ಲಿ ಅವರಿಗೆ ‘ಸಂದೇಹಿ’ ಎಂಬ ಹಣೆಪಟ್ಟಿ ತಪ್ಪಿದ್ದಲ್ಲ. ನಾನೂ ಅನೇಕ ವರ್ಷ ಹಾಗೆಯೇ ಬೋಧಿಸಿದವನು. ಅದನ್ನು ಮರುಪರಿಶೀಲಿಸುವಂತೆ ನನ್ನನ್ನು ಒತ್ತಾಯಿಸಿದ್ದು ಒಂದು ಚಿತ್ರ: ಇಟಲಿಯ ಕಲಾವಿದ ಕಾರವಾಜ್ಜೊ ಸುಮಾರು 1601-02ರಲ್ಲಿ ರಚಿಸಿದ ‘ಸಂತ ತೋಮಸರ ಅವಿಶ್ವಾಸ’. ಇಂದು ಅದು ಜರ್ಮನಿಯ ಪಾಟ್ಸ್‌ಡ್ಯಾಮ್ ನಗರದ ಸಾನ್‌ಸೂಸಿ ಚಿತ್ರಶಾಲೆಯಲ್ಲಿದೆ.

ಗುರುಮಠದ ದಿನಗಳಲ್ಲಿ ಪುಸ್ತಕವೊಂದರಲ್ಲಿ ಅದರ ಮುದ್ರಿತ ಪ್ರತಿಯನ್ನು ಮೊದಲು ಕಂಡಾಗ ನನಗೆ ಜುಗುಪ್ಸೆಯಾಗಿತ್ತು. ಕಗ್ಗತ್ತಲ ಹಿನ್ನೆಲೆ, ಒತ್ತೊತ್ತಾಗಿ ಸೇರಿದ ನಾಲ್ಕು ತಲೆಗಳು, ಭುಜದ ಬಳಿ ಹೊಲಿಗೆ ಬಿಚ್ಚಿದ ಅಂಗಿ ತೊಟ್ಟ ತೋಮಸರ ಬೆರಳು ಪ್ರಭುವಿನ ಪಕ್ಕೆಯ ಗಾಯದೊಳಗೇ ಹೊಕ್ಕಿದೆ. ಪ್ರಭಾವಳಿಯಿಲ್ಲ, ದೇವದೂತರಿಲ್ಲ. ಪುನರುತ್ಥಾನದ ಮಹಿಮೆ ಇಲ್ಲೆಲ್ಲಿದೆ ಎಂದು ಕೇಳಿಕೊಂಡಿದ್ದೆ.

ಶುಭಸಂದೇಶದ ದೃಷ್ಟಿಯಿಂದಲೂ ಈ ಚಿತ್ರದ ಮೇಲೆ ಗಂಭೀರ ಆಕ್ಷೇಪವೊಂದಿದೆ. ಯೊವಾನ್ನರ ಇಪ್ಪತ್ತನೆಯ ಅಧ್ಯಾಯವನ್ನು ನಿಧಾನವಾಗಿ ಓದಿರಿ. ಮುಟ್ಟಿ ನೋಡಲು ಯೇಸು ಆಹ್ವಾನಿಸುತ್ತಾರೆ. ತೋಮಸರು ಮುಟ್ಟಿದರೆಂದು ಎಲ್ಲಿಯೂ ಬರೆದಿಲ್ಲ. ಆಹ್ವಾನದ ಬೆನ್ನಿಗೇ ಬರುವುದು ಅವರ ವಿಶ್ವಾಸ ನಿವೇದನೆ: ಯೇಸುವನ್ನು ಅವರು ತಮ್ಮ ಪ್ರಭುವೆಂದೂ ದೇವರೆಂದೂ ಸಂಬೋಧಿಸುತ್ತಾರೆ. ಬೆರಳು ಎಷ್ಟು ಆಳಕ್ಕಿಳಿದರೂ ಅದಕ್ಕೆ ಸಿಗುವುದು ಗಾಯ ಮಾತ್ರ. ಗಾಯಗೊಂಡವರಲ್ಲಿ ದೇವರನ್ನು ಗುರುತಿಸುವುದು ವಿಶ್ವಾಸದ ಕಣ್ಣು. ಆ ಗುರುತಿಸುವಿಕೆಯ ಕ್ಷಣವನ್ನು ಕಲಾವಿದರು ಚಿತ್ರಿಸಿಲ್ಲ. ಅದರ ಹಿಂದಿನ ಕ್ಷಣದಲ್ಲೇ ಕುಂಚ ನಿಂತುಬಿಟ್ಟಿದೆ. ಇದು ಈ ಕೃತಿಯ ಮಿತಿ.

ಆದರೂ ಆ ಮಿತಿಯೊಳಗೆ ಎರಡು ಸತ್ಯಗಳನ್ನು ಅದು ನಮ್ಮ ಎಷ್ಟೋ ಪ್ರಬೋಧನೆಗಳಿಗಿಂತ ಸ್ಪಷ್ಟವಾಗಿ ನುಡಿಯುತ್ತದೆ. ಮೊದಲನೆಯದು, ತೋಮಸರ ಮಣಿಕಟ್ಟನ್ನು ಹಿಡಿದಿರುವ ಕೈ ಪ್ರಭುವಿನದೇ. ಅದು ತಡೆಯುವ ಕೈಯಲ್ಲ, ದಾರಿ ತೋರುವ ಕೈ. ಎರಡನೆಯದು, ಹಿಂದೆ ನಿಂತ ಇಬ್ಬರು ಪ್ರೇಷಿತರೂ ಅಷ್ಟೇ ಕುತೂಹಲದಿಂದ ಬಾಗಿದ್ದಾರೆ. ಅವರ ಹಣೆಯ ಮೇಲೂ ಅದೇ ಸುಕ್ಕುಗಳಿವೆ. ಪುನರುತ್ಥಾನದ ಸಂಜೆ ಪ್ರಭು ತಮ್ಮ ಕೈಗಳನ್ನೂ ಪಕ್ಕೆಯನ್ನೂ ಉಳಿದ ಶಿಷ್ಯರಿಗೆ ತೋರಿಸಿದ್ದರು. ತೋಮಸರು ಅಂದು ಅಲ್ಲಿರಲಿಲ್ಲ. ಅವರು ಬಯಸಿದ್ದು ಬಹುಮಟ್ಟಿಗೆ ಇತರರಿಗೆ ಈಗಾಗಲೇ ದೊರೆತಿದ್ದನ್ನೇ.

ಕೆಲವು ವರ್ಷಗಳ ಹಿಂದೆ, ತಂದೆಯನ್ನು ಕಳೆದುಕೊಂಡ ಯುವಕನೊಬ್ಬ ಬಲಿಪೂಜೆಗೆ ಬರುವುದನ್ನು ನಿಲ್ಲಿಸಿದ. ತಾಯಿ ಅವನನ್ನು ನನ್ನ ಬಳಿ ಕರೆತಂದರು. ದೇವರ ಅಸ್ತಿತ್ವದ ಕುರಿತು ನಾನು ಕಲಿತ ವಾದಗಳನ್ನೆಲ್ಲ ಅವನ ಮುಂದಿಟ್ಟೆ. ಅವನು ತಲೆತಗ್ಗಿಸಿ ಕೇಳಿ ಹೊರಟುಹೋದ. ನನ್ನ ತಂದೆ ತೀರಿಕೊಂಡ ವರ್ಷ ನನ್ನ ಪ್ರಾರ್ಥನೆಯೂ ಬತ್ತಿಹೋಗಿತ್ತೆಂದು ಅವನಿಗೆ ಹೇಳಬಹುದಿತ್ತು, ಹೇಳಲಿಲ್ಲ. ಪ್ರಭು ತಮ್ಮ ಗಾಯವನ್ನು ತೋರಿಸಿದರು, ನಾನು ನನ್ನದನ್ನು ಮುಚ್ಚಿಕೊಂಡೆ. ಈ ಚಿತ್ರವನ್ನು ಮತ್ತೆ ಕಂಡಾಗಲೆಲ್ಲ ಆ ಯುವಕನ ಮುಖ ನೆನಪಾಗುತ್ತದೆ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲೂ ಒಬ್ಬ ತೋಮಸ ಇರಬಹುದು. ಎಂಟು ದಿನಗಳ ಕಾಲ ಸಂಶಯದಲ್ಲಿದ್ದ ತೋಮಸರನ್ನು ಶಿಷ್ಯರು ಹೊರಗಟ್ಟಲಿಲ್ಲ. ಪ್ರಭು ಮರಳಿ ಬಂದಾಗ ಅವರು ಉಳಿದವರೊಂದಿಗೇ ಇದ್ದರು. ನಮ್ಮ ಮಕ್ಕಳ ಎಂಟು ದಿನ ಎಂಟು ವರ್ಷಗಳೇ ಆಗಬಹುದು. ವಿಶ್ವಾಸವನ್ನು ನೀಡುವುದು ದೇವರ ಕೆಲಸ. ಅಲ್ಲಿಯವರೆಗೆ ಊಟದ ಪಂಕ್ತಿಯಲ್ಲೂ ಸಂಜೆಯ ಜಪಸರದಲ್ಲೂ ಅವರ ಸ್ಥಳವನ್ನು ಕಾದಿರಿಸುವುದು ನಮ್ಮದು.